ಬೇಲಿಯ ಹೊಂಗೆಯೂ ಊರಿನ ದೀಪವೂ

ಉಕ್ಕಿನ ತಂತಿಯೊಂದಕ್ಕೆ ತೂಕವನ್ನು ಕಟ್ಟಿ ತೂಗಬಿಟ್ಟರೆ ಅದು ಕೊಂಚ ಹಿಗ್ಗುವುದು. ತೂಕವನ್ನು ತೆಗೆದೊಡನೆ ಮೊದಲಿನ ಉದ್ದಕ್ಕೆ ಮರಳುವುದು. ಈ ಗುಣವನ್ನು ಭೌತವಿಜ್ಞಾನದಲ್ಲಿ ಸ್ಥಿತಿಸ್ಥಾಪಕತ್ವವೆಂದು ಕರೆಯುತ್ತೇವೆ. ತೂಕವು ಒಂದು ಮಿತಿಯನ್ನು ಮೀರಿದರೆ ತಂತಿಯು ಮತ್ತೆ ಮೊದಲಿನಂತಾಗದು. ಇನ್ನೂ ಮೀರಿದರೆ ತುಂಡಾಗುವುದು. ಜನಸಮುದಾಯಗಳಿಗೂ ಇಂಥದೊಂದು ಗುಣವುಂಟು. ಬರ, ನೆರೆ, ವಿದ್ಯುತ್ತಿನ ಅಭಾವ, ಇಂಧನದ ಬೆಲೆಯೇರಿಕೆ ಇವೇ ಅದರ ಮೇಲೆ ಬೀಳುವ ಹೊರೆಗಳು. ಇವನ್ನು ಸಹಿಸಿ, ಹೊರೆ ಇಳಿದ ಮೇಲೆ ಮೊದಲಿನ ಸ್ಥಿತಿಗೆ ಮರಳಬಲ್ಲ ಊರು ತಾಳಿಕೆಯುಳ್ಳ ಊರು. ಈ ತಾಳಿಕೆ ಎಲ್ಲಿಂದ ಬರುವುದು, ಅದನ್ನು ಹೆಚ್ಚಿಸುವುದು ಹೇಗೆ ಎಂಬುದು ಇಂದು ಪ್ರಪಂಚದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಸಂಶೋಧನೆಯ ವಿಷಯವಾಗಿದೆ.

ಇದು ದೂರದ ವಿಷಯವೆಂದು ತಿಳಿಯಬೇಕಾಗಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಿತು. ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಜಲಾಶಯಗಳಲ್ಲಿ ನೀರು ಕಡಿಮೆಯಾದುದರಿಂದ ಜಲವಿದ್ಯುತ್ತು ಕುಗ್ಗಿತು. ಮಳೆಯಿಲ್ಲದುದರಿಂದ ರೈತರು ಕೊಳವೆಬಾವಿಗಳ ಪಂಪುಗಳನ್ನು ಹೆಚ್ಚು ನಡೆಸಬೇಕಾಗಿ ಬಂದು ವಿದ್ಯುತ್ತಿನ ಬೇಡಿಕೆ ಏರಿತು. ಒಂದೇ ಕಾರಣವು ಪೂರೈಕೆಯನ್ನು ತಗ್ಗಿಸಿ ಬೇಡಿಕೆಯನ್ನು ಏರಿಸಿತೆಂಬುದನ್ನು ವಾಚಕರು ಗಮನಿಸಬೇಕು. ಬೆಳೆಗೆ ನೀರು ಅತ್ಯಗತ್ಯವಾದ ಹೊತ್ತಿನಲ್ಲಿಯೇ ಪಂಪು ನಿಲ್ಲುವುದು. ಇಂಥ ಸಮಯಕ್ಕೆ ಊರಿನ ಕೈಯಲ್ಲಿಯೇ ಸ್ವಲ್ಪ ಶಕ್ತಿಯ ಸಂಗ್ರಹವಿದ್ದರೆ ಏನಾಗಬಹುದು? ಈ ಪ್ರಶ್ನೆಗೆ ಹಾಸನ ಜಿಲ್ಲೆಯಲ್ಲಿ ನಡೆದ ಒಂದು ಪ್ರಯತ್ನವನ್ನು ಆಧಾರವಾಗಿಟ್ಟುಕೊಂಡು ಈ ಲೇಖನದಲ್ಲಿ ಉತ್ತರವನ್ನು ಹುಡುಕೋಣ.

ನಾಲ್ಕು ತಾಲ್ಲೂಕುಗಳು

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಈ ನಾಲ್ಕೂ ನೆರೆಹೊರೆಯ ತಾಲ್ಲೂಕುಗಳು. ಆದರೆ ಇವುಗಳ ಸ್ವಭಾವ ಒಂದೇ ಅಲ್ಲ. ಹಾಸನವು ಮಲೆನಾಡಿಗೂ ಬಯಲುಸೀಮೆಗೂ ನಡುವಣ ಅರೆಮಲೆನಾಡು. ಹೊಳೆನರಸೀಪುರವು ಹೇಮಾವತಿಯ ದಂಡೆಯ ಮೇಲಿದೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯೂ ಹರಿಯುತ್ತಾಳೆ. ರಾಮನಾಥಪುರ ಆಕೆಯ ದಡದ ಕ್ಷೇತ್ರ. ಅಲ್ಲಿ ಬೆಳೆಯುವ ಹೊಗೆಸೊಪ್ಪನ್ನು ಬೇಯಿಸಿ ಹದಮಾಡುವ ಬ್ಯಾರನ್ನುಗಳಿಗೆ ಸೌದೆಯೇ ಮುಖ್ಯ ಇಂಧನವಾಗಿ ನಡೆದುಬಂದಿದೆ. ಒಂದು ಕಿಲೋಗ್ರಾಂ ಎಲೆಯನ್ನು ಹದಮಾಡಲು ಹಲವು ಕಿಲೋಗ್ರಾಂ ಸೌದೆ ಬೇಕಾಗುವುದು. ಪೂರ್ವದ ಚನ್ನರಾಯಪಟ್ಟಣವು ಮಳೆ ಕಡಿಮೆಯಾದ ಬಯಲುಸೀಮೆ. ತೆಂಗು, ರಾಗಿಗಳ ನಾಡು. ಕಾಲುವೆಯ ನೀರು ಬಾರದ ಕಡೆಗಳಲ್ಲಿ ಕೊಳವೆಬಾವಿಯೇ ಗತಿ.

ಹೀಗೆ ಒಂದೆಡೆ ನೀರನ್ನು ಮೇಲೆತ್ತಲು ಶಕ್ತಿ ಬೇಕು, ಇನ್ನೊಂದೆಡೆ ಎಲೆಯನ್ನು ಒಣಗಿಸಲು ಶಾಖ ಬೇಕು, ಪಟ್ಟಣಗಳಲ್ಲಿ ದೀಪಕ್ಕೆ ವಿದ್ಯುತ್ತು ಬೇಕು. ಬೇಡಿಕೆಗಳು ಬೇರೆ ಬೇರೆಯಾಗಿದ್ದರೂ ನಾಲ್ಕು ತಾಲ್ಲೂಕುಗಳಲ್ಲಿಯೂ ಒಂದು ಮರ ಮಾತ್ರ ಸಾಮಾನ್ಯವಾಗಿ ಕಾಣಸಿಗುವುದು. ಅದೇ ಹೊಂಗೆ.

ಹೊಂಗೆಯನ್ನು ನಮ್ಮವರಿಗೆ ಪರಿಚಯಿಸಬೇಕಾಗಿಲ್ಲ. ಯುಗಾದಿಯ ಹೊತ್ತಿಗೆ ಹೊಸ ಚಿಗುರಿನಿಂದ ಮಿರುಗುವ ಈ ಮರದ ನೆರಳಿನ ತಂಪನ್ನು ಅರಿಯದವರಾರು? ಸೊಪ್ಪನ್ನು ಗದ್ದೆಗೆ ತುಳಿಯುವುದುಂಟು. ಹಿಂಡಿಯನ್ನು ಗೊಬ್ಬರವಾಗಿ ಹಾಕುವುದುಂಟು. ಸೀಮೆಎಣ್ಣೆ ಬರುವುದಕ್ಕೆ ಮುಂಚೆ ಹೊಂಗೆಯೆಣ್ಣೆಯ ಹಣತೆಯೇ ಎಷ್ಟೋ ಮನೆಗಳ ದೀಪವಾಗಿತ್ತು. ಸಸ್ಯವಿಜ್ಞಾನಿಗಳು ಇದನ್ನು ಪೊಂಗಾಮಿಯ ಪಿನ್ನಾಟ ಎಂದು ಕರೆದರು. ದಕ್ಷಿಣ ಭಾರತದ ಹೆಸರೇ ಆ ಲ್ಯಾಟಿನ್ ಹೆಸರಿನಲ್ಲಿ ಅಡಗಿದೆ. ಅವರೆ, ತೊಗರಿಗಳಂತೆ ಇದೂ ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದುದು. ಆದುದರಿಂದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ನೆರವಿನಿಂದ ಗಾಳಿಯ ಸಾರಜನಕವನ್ನು ಹೀರಿ ನೆಲವನ್ನು ಸಾರವತ್ತಾಗಿಸುವುದು. ಬೀಜದ ತೂಕದಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಎಣ್ಣೆಯಿರುವುದು. ಎಣ್ಣೆ ಕಹಿ, ತಿನ್ನಲು ಬಾರದು. ಇಂಧನದ ದೃಷ್ಟಿಯಿಂದ ಇದೊಂದು ಗುಣವೇ ಸರಿ: ದೀಪಕ್ಕೆ ಉರಿದುದು ತಟ್ಟೆಯಿಂದ ಕಸಿದುದಾಗದು.

ಮಡೆನೂರಿನ ಉದ್ಯಾನ

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು 1964ರಲ್ಲಿ ಆರಂಭವಾಯಿತು. ಅದರ ಆಶ್ರಯದಲ್ಲಿ 2007ರಲ್ಲಿ ಹಾಸನದ ಸಮೀಪದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವು ರೂಪುಗೊಂಡಿತು. ಪ್ರಾಧ್ಯಾಪಕ ಬಾಲಕೃಷ್ಣ ಗೌಡರು ಈ ಕಾರ್ಯದ ಮುಂದಾಳುಗಳು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಮೊದಲಾದ ಎಣ್ಣೆಬೀಜದ ಮರಗಳ ಸಸಿಗಳನ್ನು ಬೆಳೆಸುವುದು, ಬೀಜದಿಂದ ಎಣ್ಣೆ ತೆಗೆಯುವುದು, ಎಣ್ಣೆಯನ್ನು ಎಂಜಿನಿಗೆ ಒಗ್ಗುವ ಇಂಧನವಾಗಿ ಮಾರ್ಪಡಿಸುವುದು, ಇವೆಲ್ಲವನ್ನೂ ಒಂದೇ ಕಡೆ ಕಣ್ಣಾರೆ ಕಾಣುವಂತೆ ಮಾಡಿದುದು ಈ ಉದ್ಯಾನದ ವೈಶಿಷ್ಟ್ಯ.

ಈ ಯೋಜನೆಯ ಮೂಲತತ್ತ್ವವನ್ನು ಇಲ್ಲಿ ಒತ್ತಿ ಹೇಳಬೇಕು. ಬೆಳೆಯುವ ಹೊಲವನ್ನು ಇಂಧನದ ತೋಟವಾಗಿ ಮಾರ್ಪಡಿಸುವುದು ಅದರ ಗುರಿಯಲ್ಲ. ಹೊಲದ ಬದು, ಬೇಲಿ, ಕೆರೆಯಂಗಳದ ಅಂಚು, ರಸ್ತೆಯ ಬದಿ, ಶಾಲೆಯ ಆವರಣ ಮುಂತಾದ ಕಡೆಗಳಲ್ಲಿ ಹಲವು ಜಾತಿಯ ಮರಗಳನ್ನು ಬೆರೆಸಿ ನೆಡಬೇಕು. ಹಳ್ಳಿಗಳಲ್ಲಿ ಬೆಳೆಗಾರರ ಸಂಘಗಳಾಗಿ ಬೀಜವನ್ನು ಒಟ್ಟುಮಾಡಬೇಕು. ಸಾಧ್ಯವಾದಷ್ಟೂ ಊರಿನ ಹತ್ತಿರವೇ ಎಣ್ಣೆ ತೆಗೆದು ಹಿಂಡಿಯನ್ನು ಹೊಲಕ್ಕೆ ಹಿಂದಿರುಗಿಸಬೇಕು. ಇದೇ ಕಾಲದಲ್ಲಿ ದೇಶದ ಹಲವು ಕಡೆ ಕಾಡುಹರಳಿನ, ಎಂದರೆ ಜಟ್ರೋಫದ, ದೊಡ್ಡ ತೋಟಗಳನ್ನು ಎಬ್ಬಿಸುವ ಉತ್ಸಾಹವಿದ್ದಿತು. ಬರಡು ನೆಲದಲ್ಲಿ ನೀರು ಗೊಬ್ಬರಗಳಿಲ್ಲದೆ ಅದು ನಿರೀಕ್ಷಿಸಿದಷ್ಟು ಫಲ ಕೊಡಲಿಲ್ಲ. ಒಂದೇ ಸಸ್ಯವನ್ನು ನಂಬಿ ಹೂಡಿದ ಯೋಜನೆಗಳು ಸೊರಗಿದುವು. ಹಾಸನದ ಬದುಗಳ ಮೇಲಾದರೋ ಫಲ ಕಡಿಮೆಯಾದ ವರ್ಷವೂ ಮರ ಮರವಾಗಿಯೇ ಉಳಿಯುವುದು. ನೆರಳಿಗೂ ಸೊಪ್ಪಿಗೂ ಮೋಸವಿಲ್ಲ.

ಎಣ್ಣೆಯನ್ನು ಎಂಜಿನಿಗೆ ಹಾಗೆಯೇ ಏಕೆ ಸುರಿಯಲಾಗದು?

ಡೀಸೆಲ್ ಎಂಜಿನು ತರಕಾರಿಯೆಣ್ಣೆಯಿಂದ ನಡೆಯಬಲ್ಲುದೆಂಬುದು ಹೊಸ ಸಂಗತಿಯಲ್ಲ. 1900ರಲ್ಲಿ ಪ್ಯಾರಿಸಿನ ಮಹಾಪ್ರದರ್ಶನದಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಲಾಯಿತು. ಎಂಜಿನಿನ ನಿರ್ಮಾಪಕನಾದ ರುಡಾಲ್ಫ್ ಡೀಸೆಲನೇ 1912ರಲ್ಲಿ ಈ ಸಂಗತಿಯನ್ನು ಹೇಳಿದ್ದಾನೆ. ಆದರೆ ಅಲ್ಪಕಾಲ ನಡೆಯುವುದು ಬೇರೆ, ವರ್ಷಗಟ್ಟಲೆ ಕೆಡದೆ ನಡೆಯುವುದು ಬೇರೆ. ತೊಡಕಿರುವುದು ಎಣ್ಣೆಯ ಸ್ನಿಗ್ಧತೆಯಲ್ಲಿ.

ದ್ರವದ ಒಂದು ಪದರವು ಇನ್ನೊಂದರ ಮೇಲೆ ಜಾರುವಾಗ ಉಂಟಾಗುವ ಅಡ್ಡಿಯ ಅಳತೆಯೇ ಸ್ನಿಗ್ಧತೆ. ನೀರು ಬೇಗ ಹರಿಯುವುದು, ಜೇನುತುಪ್ಪ ತಡವಾಗಿ ಹರಿಯುವುದು. ಇದಕ್ಕೆ ಸ್ನಿಗ್ಧತೆಯ ವ್ಯತ್ಯಾಸವೇ ಕಾರಣ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹೊಂಗೆಯೆಣ್ಣೆಯ ಸ್ನಿಗ್ಧತೆಯು ಡೀಸೆಲಿನದಕ್ಕಿಂತ ಸುಮಾರು ಹತ್ತು ಮಡಿ ಹೆಚ್ಚು. ಡೀಸೆಲ್ ಎಂಜಿನಿನಲ್ಲಿ ಕಿಡಿಯನ್ನು ಹೊತ್ತಿಸುವ ಏರ್ಪಾಡಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಅದು ಬಹಳ ಬಿಸಿಯಾಗುವುದು. ಆ ಬಿಸಿಗಾಳಿಯೊಳಕ್ಕೆ ಸಣ್ಣ ರಂಧ್ರಗಳಿಂದ ಇಂಧನವನ್ನು ಮಂಜಿನಂತೆ ಸಿಂಪಡಿಸಿದರೆ ಹನಿಗಳು ತಾವಾಗಿಯೇ ಹೊತ್ತಿಕೊಳ್ಳುವುವು. ಹನಿ ಸಣ್ಣದಾದಷ್ಟೂ ಅದರ ತೂಕಕ್ಕೆ ಹೋಲಿಸಿದ ಹೊರಮೈ ಹೆಚ್ಚು; ಹೊರಮೈ ಹೆಚ್ಚಾದಷ್ಟೂ ಉರಿಯುವಿಕೆ ಸಂಪೂರ್ಣ. ಸ್ನಿಗ್ಧವಾದ ಎಣ್ಣೆಯು ದಪ್ಪ ಹನಿಗಳಾಗಿ ಬೀಳುವುದು. ಅರೆಬರೆ ಉರಿದು ಮಸಿಯಾಗಿ ರಂಧ್ರಗಳಲ್ಲಿಯೂ ಉಂಗುರಗಳಲ್ಲಿಯೂ ಕಟ್ಟಿಕೊಳ್ಳುವುದು.

ಇದಕ್ಕೆ ಎರಡು ಪರಿಹಾರಗಳುಂಟು. ಮೊದಲನೆಯದು ಎಣ್ಣೆಯನ್ನು ಕಾಯಿಸುವುದು. ಉಷ್ಣತೆ ಏರಿದಂತೆ ಸ್ನಿಗ್ಧತೆ ಶೀಘ್ರವಾಗಿ ಇಳಿಯುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಉಡುಪಿ ಶ್ರೀನಿವಾಸರು ‘ಸೂತ್ರ’ ಎಂಬ ಯೋಜನೆಯಲ್ಲಿ ಹೊಂಗೆಯೆಣ್ಣೆಯನ್ನು ರಾಸಾಯನಿಕವಾಗಿ ಮಾರ್ಪಡಿಸದೆಯೇ ಜನರೇಟರುಗಳಿಗೆ ಬಳಸಿ ಹಳ್ಳಿಗಳಲ್ಲಿ ನೀರೆತ್ತುವ ಸಾಧ್ಯತೆಯನ್ನು ತೋರಿಸಿದರು.

ಎರಡನೆಯದು ಎಣ್ಣೆಯ ಅಣುವನ್ನೇ ಬದಲಿಸುವುದು. ಎಣ್ಣೆಯ ಅಣುವು ಮೂರು ಉದ್ದನೆಯ ಬಾಲಗಳುಳ್ಳ ಆಕೃತಿಯಂತಿದೆ. ಬಾಲಗಳು ಮೇದಾಮ್ಲಗಳು, ಅವನ್ನು ಒಂದುಗೂಡಿಸುವ ಬೆನ್ನೆಲುಬು ಗ್ಲಿಸರಿನ್. ಮೂರು ಬಾಲಗಳ ಅಣುಗಳು ಒಂದಕ್ಕೊಂದು ತೊಡರಿಕೊಳ್ಳುವುದರಿಂದ ಎಣ್ಣೆ ಮಂದವಾಗಿರುವುದು. ಸ್ವಲ್ಪ ಕ್ಷಾರದ ಸಮ್ಮುಖದಲ್ಲಿ ಎಣ್ಣೆಯನ್ನು ಮೆಥನಾಲಿನೊಡನೆ ಬೆರೆಸಿ ಸುಮಾರು 60 ಡಿಗ್ರಿಯಲ್ಲಿ ಒಂದೆರಡು ಗಂಟೆ ಕಲಕಿದರೆ, ಮೂರು ಮೆಥನಾಲ್ ಅಣುಗಳು ಮೂರು ಬಾಲಗಳನ್ನು ಬಿಡಿಸಿಕೊಂಡು ಮೂರು ಎಸ್ಟರ್ ಅಣುಗಳಾಗುವುವು. ಗ್ಲಿಸರಿನ್ ಬೇರ್ಪಟ್ಟು ತಳದಲ್ಲಿ ನಿಲ್ಲುವುದು. ಮೇಲೆ ತೇಲುವ ಎಸ್ಟರೇ ಜೈವಿಕ ಡೀಸೆಲ್. ಸುಮಾರು 100 ಕಿಲೋಗ್ರಾಂ ಎಣ್ಣೆಗೆ 11 ಕಿಲೋಗ್ರಾಂ ಮೆಥನಾಲ್ ಕೂಡಿ, 100 ಕಿಲೋಗ್ರಾಂ ಎಸ್ಟರೂ 11 ಕಿಲೋಗ್ರಾಂ ಗ್ಲಿಸರಿನ್ನೂ ದೊರೆಯುವುವು. ಸ್ನಿಗ್ಧತೆಯು ಡೀಸೆಲಿನ ಸಮೀಪಕ್ಕೆ ಇಳಿಯುವುದು.

ಒಂದು ಎಚ್ಚರಿಕೆ ಅಗತ್ಯ. ಬೀಜವನ್ನು ಹಸಿಯಾಗಿಯೇ ಬಹುಕಾಲ ಇಟ್ಟರೆ ಎಣ್ಣೆ ಹುಳಿತು ಬಿಡಿ ಆಮ್ಲಗಳು ಹೆಚ್ಚುವುವು. ಅಂಥ ಎಣ್ಣೆಗೆ ಕ್ಷಾರ ಬೆರೆಸಿದರೆ ಇಂಧನದ ಬದಲು ಸಾಬೂನು ಹುಟ್ಟುವುದು! ಆಗ ಮೊದಲು ಆಮ್ಲದ ನೆರವಿನಿಂದ ಒಮ್ಮೆ ಸಂಸ್ಕರಿಸಬೇಕಾಗುವುದು. ಅಂಗಳದಲ್ಲಿ ಬೀಜವನ್ನು ಚೆನ್ನಾಗಿ ಒಣಗಿಸುವ ಗೃಹಿಣಿಯು ಈ ಕಾರಣದಿಂದ ರಾಸಾಯನಿಕ ಕ್ರಿಯೆಯ ಮೊದಲ ಹಂತವನ್ನೇ ನಡೆಸಿದಂತಾಗುವುದು.

ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಪ್ರಯೋಗ

ಸ್ನಿಗ್ಧತೆಯ ಬದಲಾವಣೆಯನ್ನು ಕಾಲೇಜಿನ ಪ್ರಯೋಗಶಾಲೆಯಲ್ಲಿ ಸುಲಭವಾಗಿ ಅಳೆಯಬಹುದು. ಒಂದು ಬ್ಯೂರೆಟ್ಟಿನಲ್ಲಿ ಹೊಂಗೆಯೆಣ್ಣೆಯನ್ನು ತುಂಬಿ, ಕೀಲನ್ನು ಪೂರ್ತಿ ತೆರೆದು, 20 ಮಿಲಿಲೀಟರ್ ಇಳಿಯಲು ಎಷ್ಟು ಸೆಕೆಂಡು ಬೇಕಾಯಿತೆಂಬುದನ್ನು ಗುರುತುಮಾಡಿಕೊಳ್ಳಬೇಕು. ಅನಂತರ ಎಣ್ಣೆಯ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು 40, 50, 60 ಡಿಗ್ರಿಗಳಿಗೆ ಕಾಯಿಸಿ, ಪ್ರತಿಯೊಂದು ಉಷ್ಣತೆಯಲ್ಲಿಯೂ ಬ್ಯೂರೆಟ್ಟಿನ ಅದೇ ಎರಡು ಗುರುತುಗಳ ನಡುವೆ ಕಾಲವನ್ನು ಅಳೆಯಬೇಕು. ಉಷ್ಣತೆಯನ್ನು ಅಡ್ಡ ಅಕ್ಷದಲ್ಲಿಯೂ ಕಾಲವನ್ನು ನೇರ ಅಕ್ಷದಲ್ಲಿಯೂ ಗುರುತಿಸಿ ರೇಖೆ ಎಳೆದರೆ, ಅದು ಸರಳರೇಖೆಯಾಗದೆ ಮೊದಲು ಕಡಿದಾಗಿಯೂ ಬಳಿಕ ನಿಧಾನವಾಗಿಯೂ ಇಳಿಯುವ ವಕ್ರರೇಖೆಯಾಗುವುದು. ಎಂಜಿನಿನ ಹೊಗೆಕೊಳವೆಯ ಬಿಸಿಯನ್ನು ಎಣ್ಣೆ ಕಾಯಿಸಲು ಬಳಸುವುದರಿಂದ ಎಷ್ಟು ಲಾಭವೆಂಬುದನ್ನು ಈ ರೇಖೆಯೇ ಹೇಳುವುದು. ಮೆಥನಾಲಿನ ಪ್ರಯೋಗವನ್ನು ಮಾತ್ರ ಅಧ್ಯಾಪಕರಿಲ್ಲದೆ ಯಾರೂ ಕೈಗೊಳ್ಳಬಾರದು. ಅದು ವಿಷ, ಬೇಗ ಹೊತ್ತಿಕೊಳ್ಳುವ ವಸ್ತು.

ನೂರು ಮರಗಳ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ಬೇಲಿಯ ಹೊಂಗೆ ಒಂದು ಊರಿಗೆ ಎಷ್ಟು ಶಕ್ತಿಯನ್ನು ಕೊಡಬಲ್ಲುದು? ಉತ್ಸಾಹದ ಮಾತಿಗಿಂತ ಲೆಕ್ಕವೇ ಇಲ್ಲಿ ಪ್ರಮಾಣ.

ಬಲಿತ ಮರವೊಂದು ವರ್ಷಕ್ಕೆ 20 ಕಿಲೋಗ್ರಾಂ ಬೀಜ ಕೊಡುವುದೆಂದು ಇಟ್ಟುಕೊಳ್ಳೋಣ. ಕೆಲವು ಮರಗಳು ಇದಕ್ಕಿಂತ ಬಹಳ ಹೆಚ್ಚು, ಕೆಲವು ಕಡಿಮೆ ಕೊಡುವುವು. ನೂರು ಮರಗಳಿಂದ 2,000 ಕಿಲೋಗ್ರಾಂ ಬೀಜ. ಯಂತ್ರದ ಗಾಣದಲ್ಲಿ ನೂರಕ್ಕೆ 25ರಂತೆ ಎಣ್ಣೆ ಬಂದರೆ 500 ಕಿಲೋಗ್ರಾಂ ಎಣ್ಣೆ. ಒಂದು ಕಿಲೋಗ್ರಾಂ ಎಣ್ಣೆ ಉರಿದಾಗ ಸುಮಾರು 36 ಮೆಗಾಜೂಲ್, ಎಂದರೆ 10 ಯೂನಿಟ್ಟು ಶಾಖ ಬಿಡುಗಡೆಯಾಗುವುದು. ಆದುದರಿಂದ ಒಟ್ಟು ಶಾಖ 5,000 ಯೂನಿಟ್ಟು. ಸಣ್ಣ ಎಂಜಿನು ಮತ್ತು ಜನರೇಟರು ಇದರಲ್ಲಿ ಕಾಲುಭಾಗವನ್ನು ಮಾತ್ರ ವಿದ್ಯುತ್ತಾಗಿ ಬದಲಿಸಬಲ್ಲುವು. ಉಳಿಯುವುದು 1,250 ಯೂನಿಟ್ಟು. ದಿನವೊಂದಕ್ಕೆ ಸುಮಾರು 3.4 ಯೂನಿಟ್ಟು.

ನೂರು ಮರಗಳಿಗೆ ಎಷ್ಟು ಜಾಗ ಬೇಕು? ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 64 ಮೀಟರ್. ಬೆಳೆಗೆ ಹೆಚ್ಚು ನೆರಳಾಗದಂತೆ ಎರಡೇ ಬದಿಗಳಲ್ಲಿ 8 ಮೀಟರಿಗೊಂದರಂತೆ ನೆಟ್ಟರೆ 16 ಮರಗಳು. ಆದುದರಿಂದ ಆರೇಳು ಎಕರೆಯ ಬದುಗಳು ಸಾಕು.

1,250 ಯೂನಿಟ್ಟಿನಿಂದ ಏನು ಮಾಡಬಹುದು? 60 ವಾಟಿನ ಹಳೆಯ ತಂತಿದೀಪಗಳನ್ನು ದಿನಕ್ಕೆ 5 ಗಂಟೆ ಉರಿಸಿದರೆ 11 ದೀಪಗಳಿಗೆ ಮಾತ್ರ ವರ್ಷವಿಡೀ ಸಾಕಾಗುವುದು. ಅದೇ 9 ವಾಟಿನ ಎಲ್.ಇ.ಡಿ. ದೀಪಗಳಾದರೆ 76 ದೀಪಗಳು. ಮರಗಳು ಅವೇ, ಎಣ್ಣೆ ಅದೇ. ಬಳಸುವ ವಿಧಾನ ಬದಲಾದುದರಿಂದಲೇ ಬೆಳಕು ಏಳು ಮಡಿಯಾಯಿತು. ಶಕ್ತಿಯ ವಿಚಾರದಲ್ಲಿ ಉಳಿಸಿದ ಒಂದು ಯೂನಿಟ್ಟು ಎಂದಿಗೂ ಗಳಿಸಿದ ಒಂದು ಯೂನಿಟ್ಟಿಗೆ ಸಮ.

ಸೂರ್ಯನ ಹಲಗೆಯೊಡನೆ ಹೋಲಿಕೆ

ಆದರೆ ವಿಚಾರಶೀಲರಾದ ವಿದ್ಯಾರ್ಥಿಗಳು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ಹಾಸನದ ಕಡೆ ಒಂದು ಚದರ ಮೀಟರು ನೆಲದ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್ಟಿನಷ್ಟು ಬಿಸಿಲು ಬೀಳುವುದು. ನೂರಕ್ಕೆ 20ರ ದಕ್ಷತೆಯ ಸೌರಫಲಕವು, ಧೂಳು ಮತ್ತು ಬಿಸಿಯಿಂದಾಗುವ ನಷ್ಟಗಳನ್ನು ಕಳೆದರೂ, ಇದರಿಂದ 0.75 ಯೂನಿಟ್ಟು ವಿದ್ಯುತ್ತನ್ನು ಕೊಡಬಲ್ಲುದು. ಎಂದರೆ ದಿನಕ್ಕೆ 3.4 ಯೂನಿಟ್ಟು ಪಡೆಯಲು ಸುಮಾರು 4.6 ಚದರ ಮೀಟರಿನ ಫಲಕ, ಎರಡು ಮಂಚಗಳಷ್ಟು ಜಾಗ, ಸಾಕು! ನೂರು ಮರಗಳ ಕೆಲಸವನ್ನು ಎರಡು ಮಂಚದಗಲದ ಹಲಗೆ ಮಾಡುವುದಾದರೆ ಮರಗಳೇಕೆ?

ಆಕ್ಷೇಪ ಸಾಧುವಾದುದೇ. ಮರವೊಂದರ ಹರವು 25 ಚದರ ಮೀಟರೆಂದು ಹಿಡಿದರೆ ನೂರು ಮರಗಳ ಮೇಲೆ ವರ್ಷಕ್ಕೆ ಸುಮಾರು 45 ಲಕ್ಷ ಯೂನಿಟ್ಟು ಬಿಸಿಲು ಬೀಳುವುದು. ಎಣ್ಣೆಯಲ್ಲಿ ಸೇರುವುದು 5,000 ಯೂನಿಟ್ಟು. ಸಾವಿರದಲ್ಲಿ ಒಂದು ಪಾಲು. ಬಿಸಿಲನ್ನು ಹಿಡಿಯುವ ಸಾಧನವಾಗಿ ಮರವು ಬಡ ಯಂತ್ರವೇ ಸರಿ. ಆದುದರಿಂದ ಜೈವಿಕ ಎಣ್ಣೆಯಿಂದಲೇ ನಾಡಿನ ಲಾರಿ, ಬಸ್ಸುಗಳೆಲ್ಲವನ್ನೂ ಓಡಿಸುವೆವೆಂಬುದು ಹುಸಿ ಭರವಸೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯೂ 2030ರ ವೇಳೆಗೆ ಡೀಸೆಲಿನಲ್ಲಿ ನೂರಕ್ಕೆ 5 ಭಾಗವನ್ನಷ್ಟೇ ಬೆರೆಸುವ ಗುರಿಯನ್ನಿಟ್ಟುಕೊಂಡಿದೆ.

ಆದರೆ ಹಿಡಿಯುವುದೊಂದೇ ಕೆಲಸವಲ್ಲ. ಕೂಡಿಡುವುದೂ ಒಂದು ಕೆಲಸ. ನಮ್ಮ ಹಿರಿಯರು ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿಡುತ್ತಿದ್ದರು. ದಿನನಿತ್ಯದ ಊಟಕ್ಕೆ ಯಾರೂ ಹಗೇವನ್ನು ತೆರೆಯುತ್ತಿರಲಿಲ್ಲ. ಬರ ಬಂದ ವರ್ಷ ಅದೇ ಊರನ್ನು ಉಳಿಸುತ್ತಿದ್ದಿತು. ಸೌರಫಲಕಕ್ಕೆ ಇಂಥ ಹಗೇವು ಇಲ್ಲ. ರಾತ್ರಿಗೂ ಮೋಡದ ದಿನಗಳಿಗೂ ಬ್ಯಾಟರಿ ಬೇಕು. ಒಂದು ಯೂನಿಟ್ಟನ್ನು ಕೂಡಿಡಲು ಸೀಸದ ಬ್ಯಾಟರಿಯಾದರೆ ಸುಮಾರು 30 ಕಿಲೋಗ್ರಾಂ, ಲಿಥಿಯಂ ಬ್ಯಾಟರಿಯಾದರೆ 6 ಅಥವಾ 7 ಕಿಲೋಗ್ರಾಂ ಬೇಕಾಗುವುದು. ಹೊಂಗೆಯೆಣ್ಣೆಯಾದರೋ, ಎಂಜಿನಿನ ನಷ್ಟವನ್ನೆಲ್ಲ ಕಳೆದ ಮೇಲೂ, 400 ಗ್ರಾಂ ಸಾಕು! ಡಬ್ಬದಲ್ಲಿ ಭದ್ರವಾಗಿ ಮುಚ್ಚಿ, ಬಿಸಿಲು ತೇವಗಳಿಂದ ದೂರವಿಟ್ಟರೆ ತಿಂಗಳುಗಟ್ಟಲೆ ಇರುವುದು. ಮರವು ಬಡ ಸಂಗ್ರಾಹಕ. ಎಣ್ಣೆಯು ಶ್ರೀಮಂತ ಕಣಜ. ಈ ಎರಡು ಮಾತುಗಳನ್ನು ಒಟ್ಟಿಗೆ ನೆನಪಿಡಬೇಕು.

ಹಾಗಾದರೆ ನೂರು ಮರಗಳ ಎಣ್ಣೆಯನ್ನು ಆಪತ್ಕಾಲಕ್ಕೆಂದು ಮೀಸಲಿಟ್ಟರೆ ಏನಾಗುವುದು? ಐನೂರು ಜನರ ಒಂದು ಹಳ್ಳಿ. ತಲೆಗೆ ದಿನಕ್ಕೆ 55 ಲೀಟರಿನಂತೆ 27,500 ಲೀಟರು ನೀರು. ಇದನ್ನು 50 ಮೀಟರು ಆಳದಿಂದ ಎತ್ತಬೇಕು. ಪಂಪಿನ ದಕ್ಷತೆ ನೂರಕ್ಕೆ 50 ಎಂದು ಹಿಡಿದು ಲೆಕ್ಕ ಹಾಕಿದರೆ ಸುಮಾರು 7.5 ಯೂನಿಟ್ಟು ಬೇಕಾಗುವುದು. ಆರೋಗ್ಯಕೇಂದ್ರದ ಲಸಿಕೆಯ ಫ್ರಿಜ್ಜಿಗೂ ಕೆಲವು ದೀಪಗಳಿಗೂ 2.5 ಯೂನಿಟ್ಟು ಸೇರಿಸಿದರೆ ಒಟ್ಟು 10. ಇದಕ್ಕೆ ದಿನಕ್ಕೆ 4 ಕಿಲೋಗ್ರಾಂ ಎಣ್ಣೆ. 500 ಕಿಲೋಗ್ರಾಂ ಎಣ್ಣೆ 125 ದಿನಗಳಿಗೆ ಆಯಿತು. ತಂತಿಯ ವಿದ್ಯುತ್ತು ಪೂರ್ತಿ ನಿಂತರೂ ಆರೇಳು ಎಕರೆಯ ಬದುಗಳು ಒಂದು ಹಳ್ಳಿಯ ಕುಡಿಯುವ ನೀರನ್ನು ನಾಲ್ಕು ತಿಂಗಳು ಕಾಯಬಲ್ಲುವು. ದಿನವೂ 3.4 ಯೂನಿಟ್ಟೆಂದಾಗ ಅಲ್ಪವಾಗಿ ಕಂಡುದು ಮೀಸಲಾಗಿ ನೋಡಿದಾಗ ಎಷ್ಟು ದೊಡ್ಡದಾಯಿತು!

ಪುರದ ಪಾಠವೂ ಕೂಲಿಯ ಪ್ರಶ್ನೆಯೂ

ಸಾಧನವನ್ನು ಅಗತ್ಯಕ್ಕೆ ಸರಿಯಾಗಿ ಹೊಂದಿಸಬೇಕೆಂಬ ಪಾಠವನ್ನು ಇದಕ್ಕೆ ಮೊದಲೇ ನಮ್ಮ ನಾಡಿನಲ್ಲಿ ಕಲಿತುದುಂಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ಘಟಕವು ಹುಟ್ಟಿತು; ಹಳ್ಳಿಗಳಿಗೆ ಒದಗುವ ವಿಜ್ಞಾನವನ್ನು ಬೆಳೆಸುವುದು ಅದರ ಉದ್ದೇಶ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಈ ವಿಜ್ಞಾನಿಗಳು ಸಗಣಿ ಅನಿಲದ ಸಾಮೂಹಿಕ ಸ್ಥಾವರವನ್ನು ಕಟ್ಟಿದರು. ಎಲ್ಲ ಮನೆಗಳ ಅಡುಗೆಗೂ ಅನಿಲ ಒದಗಿಸಬೇಕೆಂಬ ಮೊದಲಿನ ಯೋಚನೆ ಫಲಿಸಲಿಲ್ಲ, ಸಗಣಿ ಅಷ್ಟಿರಲಿಲ್ಲ. ಅನಂತರ 1987ರಿಂದ ಅದೇ ಅನಿಲದಿಂದ ಎಂಜಿನನ್ನು ನಡೆಸಿ ಕುಡಿಯುವ ನೀರನ್ನೂ ಮನೆಗಳ ದೀಪಗಳನ್ನೂ ಒದಗಿಸಿದಾಗ ಯೋಜನೆಯು ಊರಿನವರ ಮನಸ್ಸಿಗೆ ಹಿಡಿಯಿತು. ಜನರು ಸಗಣಿ ತಂದುಕೊಟ್ಟರು. ಅನಿಲ ತೆಗೆದ ಬಗ್ಗಡವನ್ನು ಗೊಬ್ಬರಕ್ಕೆ ಹಿಂದಕ್ಕೆ ಪಡೆದರು. ಸಾಧನ ಬದಲಾಗಲಿಲ್ಲ, ಅದಕ್ಕೆ ಒಪ್ಪಿಸಿದ ಕೆಲಸ ಬದಲಾಯಿತು.

ಹೊಂಗೆಯ ವಿಷಯದಲ್ಲಿ ನಿಜವಾದ ಅಡಚಣೆ ಎಂಜಿನಿನಲ್ಲಿಲ್ಲ, ಬೀಜ ಆಯುವ ಕೈಗಳಲ್ಲಿದೆ. 2025ರಲ್ಲಿ ಕರ್ನಾಟಕದಲ್ಲಿ ಡೀಸೆಲಿನ ಬೆಲೆ ಲೀಟರಿಗೆ ಸುಮಾರು 90 ರೂಪಾಯಿ. ಒಂದು ಲೀಟರು ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್, ಒಂದು ಲೀಟರು ಹೊಂಗೆಯೆಣ್ಣೆಯಲ್ಲಿ 33 ಮೆಗಾಜೂಲ್ ಶಕ್ತಿಯಿದೆ. ಆದುದರಿಂದ ಶಕ್ತಿಯ ಲೆಕ್ಕದಲ್ಲಿ ಎಣ್ಣೆಯ ಬೆಲೆ ಲೀಟರಿಗೆ 83 ರೂಪಾಯಿಯನ್ನು ಮೀರಬಾರದು. ಒಂದು ಲೀಟರಿಗೆ 3.7 ಕಿಲೋಗ್ರಾಂ ಬೀಜ ಬೇಕು. ಗಾಣದ ಖರ್ಚನ್ನು ಹಿಂಡಿಯ ಬೆಲೆಯೇ ತುಂಬಿಕೊಡುವುದೆಂದಿಟ್ಟುಕೊಂಡರೆ, ಒಂದು ಕಿಲೋಗ್ರಾಂ ಬೀಜಕ್ಕೆ ಹೆಚ್ಚೆಂದರೆ 22 ರೂಪಾಯಿ ಕೊಡಬಹುದು. ಕಾಯಿ ಉದುರಿಸಿ, ಆಯ್ದು, ಒಣಗಿಸಿ, ಸಿಪ್ಪೆ ಬಿಡಿಸಿ ಒಂದು ಕಿಲೋಗ್ರಾಂ ಬೀಜವನ್ನು ಸಿದ್ಧಗೊಳಿಸಿದ ಕೂಲಿಯವಳಿಗೆ ಇಷ್ಟೇ ಸಿಕ್ಕುವುದಾದರೆ ಆಕೆ ಬೇರೆ ಕೆಲಸಕ್ಕೆ ಹೋಗುವುದು ಸಹಜ. ಆದುದರಿಂದಲೇ ಎಷ್ಟೋ ಕಡೆ ಕಾಯಿಗಳು ಮರದ ಬುಡದಲ್ಲಿಯೇ ಮಣ್ಣಾಗುವುವು.

ಸಿಪ್ಪೆ ಬಿಡಿಸುವ ಸರಳ ಯಂತ್ರ, ಕಸಿಮಾಡಿದ ಹೆಚ್ಚು ಫಲದ ಗಿಡ, ಬೀಜಕ್ಕೆ ನಂಬಿಕೆಯ ಬೆಲೆ, ಇವು ಮೂರೂ ಕೂಡಿದರೆ ಈ ಲೆಕ್ಕ ಬದಲಾಗಬಹುದು. ಇನ್ನೊಂದು ಮಾತೂ ಉಂಟು: ಪಂಚಾಯತಿಯು ಎಣ್ಣೆಯನ್ನು ಮಾರಾಟದ ಸರಕೆಂದು ಬಗೆಯದೆ ಆಪತ್ತಿನ ಮೀಸಲೆಂದು ಬಗೆದರೆ, ಅದಕ್ಕೆ ತಕ್ಕ ಕೂಲಿಯನ್ನು ಕೊಡಲು ಹಿಂಜರಿಯಬೇಕಾಗಿಲ್ಲ. ಊರಿಗೆ ಬೆಂಕಿ ಬಿದ್ದಾಗ ನೀರಿನ ಬೆಲೆಯನ್ನು ಯಾರೂ ಕೇಳುವುದಿಲ್ಲ.

ಪಟ್ಟಣಗಳ ಪಾಲು

ಇದು ಹಳ್ಳಿಗಳ ಕೆಲಸವೆಂದು ಪಟ್ಟಣಿಗರು ಸುಮ್ಮನಿರುವಂತಿಲ್ಲ. ಹೋಟಲುಗಳಲ್ಲಿ ಬೋಂಡ, ವಡೆ ಕರಿದು ಉಳಿದ ಎಣ್ಣೆಯೂ ಮೂರು ಬಾಲಗಳ ಅದೇ ಅಣು. ಪದೇಪದೇ ಕಾಯಿಸಿದ ಎಣ್ಣೆ ಆರೋಗ್ಯಕ್ಕೆ ಹಾನಿಕರವಾದುದರಿಂದ ಭಾರತದ ಆಹಾರ ಸುರಕ್ಷತೆಯ ಪ್ರಾಧಿಕಾರವು 2018ರಲ್ಲಿ ಅದರ ಮರುಬಳಕೆಗೆ ಮಿತಿಯನ್ನು ಹಾಕಿ, ಅಂಥ ಎಣ್ಣೆಯನ್ನು ಜೈವಿಕ ಡೀಸೆಲಿಗೆ ಕಳುಹಿಸುವ ಏರ್ಪಾಡನ್ನು ಆರಂಭಿಸಿತು. ಹೊಳೆನರಸೀಪುರ, ಅರಕಲಗೂಡುಗಳಂಥ ಸಣ್ಣ ಪಟ್ಟಣಗಳಲ್ಲಿ ಹೋಟಲುಗಳು ಹತ್ತಿರ ಹತ್ತಿರವಿರುವುದರಿಂದ ಈ ಎಣ್ಣೆಯನ್ನು ಕೂಡಿಸುವುದು ಬೀಜ ಆಯುವುದಕ್ಕಿಂತ ಸುಲಭ. ಚರಂಡಿಗೆ ಸುರಿದರೆ ಅದೇ ಎಣ್ಣೆ ಕೊಳವೆಯನ್ನು ಕಟ್ಟಿಸಿ ಕೆರೆಯನ್ನು ಕೆಡಿಸುವುದು. ಬೀದಿದೀಪಗಳನ್ನು ಬದಲಿಸುವುದು, ರಸ್ತೆಯ ಬದಿಯ ಹೊಂಗೆಗಳನ್ನು ಕಡಿಯದೆ ಉಳಿಸುವುದು, ಚಾವಣಿಗಳ ಮೇಲೆ ಸೌರಫಲಕಗಳನ್ನು ಹಾಕುವುದು – ಇವೆಲ್ಲ ಪಟ್ಟಣದ ಪಾಲಿನ ಕರ್ತವ್ಯಗಳು.

ಇಷ್ಟರಿಂದ ಹೊರಡುವ ತೀರ್ಮಾನವನ್ನು ಹೀಗೆ ಸಂಗ್ರಹಿಸಬಹುದು. ಶಕ್ತಿಗೆ ಒಂದೇ ಮೂಲವನ್ನು ನಂಬಿದ ಊರು ಒಂದೇ ಎಳೆಯ ಹಗ್ಗದಂತೆ. ಆ ಎಳೆ ಹರಿದರೆ ಎಲ್ಲವೂ ಹರಿಯುವುದು. ದಿನದ ಕೆಲಸಕ್ಕೆ ಬಿಸಿಲು ಮತ್ತು ತಂತಿಯ ವಿದ್ಯುತ್ತು, ಆಪತ್ತಿಗೆ ಬೇಲಿಯ ಎಣ್ಣೆ, ಎಲ್ಲ ಕಾಲಕ್ಕೂ ಮಿತವ್ಯಯ – ಈ ಮೂರು ಎಳೆಗಳನ್ನು ಹೊಸೆದ ಹಗ್ಗ ಬೇಗ ಹರಿಯದು.

ವಿದ್ಯಾರ್ಥಿಗಳು ತಮ್ಮ ಊರಿನಲ್ಲಿ ಬಲಿತ ಹೊಂಗೆಯ ಮರಗಳೆಷ್ಟಿವೆಯೆಂದು ಎಣಿಸಲಿ. ಕುಡಿಯುವ ನೀರಿನ ಕೊಳವೆಬಾವಿಯ ಆಳವನ್ನೂ ಜನಸಂಖ್ಯೆಯನ್ನೂ ಪಂಚಾಯತಿಯಲ್ಲಿ ಕೇಳಿ ತಿಳಿಯಲಿ. ಮೇಲಣ ಕ್ರಮದಲ್ಲಿಯೇ ಲೆಕ್ಕ ಹಾಕಿ, ತಮ್ಮ ಊರು ಎಷ್ಟು ದಿನ ತಾಳಬಲ್ಲುದೆಂಬುದನ್ನು ಕಂಡುಹಿಡಿಯಲಿ. ಈ ಸಂಖ್ಯೆ ಯಾವ ಪಠ್ಯಪುಸ್ತಕದಲ್ಲಿಯೂ ಸಿಗುವುದಿಲ್ಲ. ಅದನ್ನು ಒಂದು ಕಾಗದದ ಮೇಲೆ ಬರೆದು ಗ್ರಾಮಸಭೆಯ ಮುಂದಿಟ್ಟರೆ, ಮುಂದಿನ ಮಳೆಗಾಲದಲ್ಲಿ ಬದುಗಳ ಮೇಲೆ ಎಷ್ಟು ಸಸಿ ನೆಡಬೇಕೆಂಬ ಮಾತು ತಾನಾಗಿಯೇ ಹುಟ್ಟುವುದು.